ಪಟ್ಟಿಯಲ್ಲಿ ಮೊದಲು ಕುಷ್ಟಗಿ

ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ರಬ್ಬರ್ ಇಟ್ಟಿರಲಿಲ್ಲ. ತಪ್ಪು ಹೊಡೆದವರು ಹಾಳೆ ತೆಗೆಯಬೇಕು, ಹೊಸ ಹಾಳೆ ಏರಿಸಬೇಕು, ಮೊದಲ ಅಕ್ಷರದಿಂದ ಮತ್ತೆ ಶುರು ಮಾಡಬೇಕು. ಬೆಳಿಗ್ಗೆ ಮಷಿನ್‌ಗಳ ಹೊದಿಕೆ ತೆಗೆದು ಮಡಿಚಿ ಸ್ಟೂಲಿನ ಕೆಳಗೆ ಇಡುವುದು, ರಿಬ್ಬನ್ ನೋಡುವುದು, ಗಂಟೆ ಹೊಡೆಯುವುದು, ಆಮೇಲೆ ಒಂದೇ ಸಲಕ್ಕೆ ಎಲ್ಲರ ಕೈ ಕೀಲಿಮಣೆಯ ಮೇಲೆ. ಕೈ ನೋಡಿಕೊಂಡು ಹೊಡೆಯುವವರ ಕೈಮೇಲೆ ನಾನು ಟವೆಲ್ ಹಾಕುತ್ತಿದ್ದೆ. ನಾನು ಕಲಿತದ್ದೂ ಹೀಗೆಯೇ, ಕಲಿಸಿದ್ದೂ ಹೀಗೆಯೇ.

1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಊರಿಗೆ ಹೊಸ ಹೊಸ ಕಚೇರಿಗಳು ಬಂದವು. ಅದುವರೆಗೆ ಯಾವ ಕೆಲಸಕ್ಕಾದರೂ ರಾಯಚೂರಿನ ಬಸ್ಸು ಹತ್ತುತ್ತಿದ್ದ ಜನ ಇಲ್ಲಿಯೇ ಅರ್ಜಿ ಹಿಡಿದು ನಿಲ್ಲತೊಡಗಿದರು. ಕಚೇರಿಗಳು ಬಂದ ಮೇಲೆ ಟೈಪಿಂಗ್ ಸರ್ಟಿಫಿಕೇಟಿಗೂ ಬೆಲೆ ಬಂತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ತಾಲೂಕುಗಳ ಟೈಪಿಂಗ್ ಮಾಸ್ತರರು ಸೇರಿ, ಪರೀಕ್ಷೆಯ ಅರ್ಜಿಗಳನ್ನೆಲ್ಲ ಒಟ್ಟುಮಾಡಿ ಕೇಂದ್ರವಾರು ಪಟ್ಟಿ ಕಳಿಸುವ ಕೆಲಸವನ್ನು ನನಗೆ ಒಪ್ಪಿಸಿದರು. ಅವರಲ್ಲಿ ಹೆಂಗಸು ನಾನೊಬ್ಬಳೇ. ಎಲ್ಲರೂ ಅಕ್ಕಾರ ಎನ್ನುತ್ತಿದ್ದರು, ಕೆಲಸವನ್ನೂ ಅಕ್ಕನಿಗೆ ಹೊರಿಸುವ ಹಾಗೆಯೇ ಹೊರಿಸಿದರು.

ಏಳೆಂಟು ವರ್ಷ ಆ ಪಟ್ಟಿಯನ್ನು ಟೈಪ್ ಮಾಡಿಯೇ ಕಳಿಸಿದೆ. ಆಮೇಲೆ ನಾಲ್ಕೂ ಊರುಗಳಲ್ಲಿ ಇಂಟರ್ನೆಟ್ ಅಂಗಡಿಗಳು ತೆರೆದುಕೊಂಡವು. ಮಾಸ್ತರರು ತಮ್ಮ ತಮ್ಮ ಊರಿನಲ್ಲೇ ಕುಳಿತು ಹೆಸರು ತುಂಬುವಂತಾದರೆ ಅವರ ಬಸ್ಸಿನ ಓಡಾಟ ತಪ್ಪುತ್ತದೆ, ನನ್ನ ಬೆರಳಿಗೂ ಬಿಡುವು ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಹುಬ್ಬಳ್ಳಿಯಿಂದ ಇಂಟರ್ನೆಟ್ ಪುಟ ಕಟ್ಟುವುದನ್ನು ಕಲಿಸುವ ಪಿಎಚ್‌ಪಿ ಪುಸ್ತಕ ತರಿಸಿಕೊಂಡು, ಬೆಳಗಿನ ಬ್ಯಾಚುಗಳು ಮುಗಿದ ಮೇಲೆ ದಿನಕ್ಕೊಂದು ಅಧ್ಯಾಯದಂತೆ ಓದಿದೆ. ತಲೆಗೂದಲು ಆಗಲೇ ಬೆಳ್ಳಗಾಗಿತ್ತು. ಅರ್ಥವಾಗದ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಟೈಪ್ ಮಾಡುತ್ತಿದ್ದೆ. ಎರಡನೆಯ ಸಲ ಹೊಡೆಯುವಾಗ ಸ್ವಲ್ಪ ಅರ್ಥವಾಗುತ್ತಿತ್ತು.

ಹೊಸ ಹೆಸರು ಸೇರಿಸುವ ಪುಟ ಸಲೀಸಾಗಿ ಆಯಿತು. ತೊಡಕು ಬಂದದ್ದು ತಿದ್ದುಪಡಿಯ ಪುಟದಲ್ಲಿ. ನಾನು ಮಾಡಿದ್ದ ಪುಟ ತೆರೆದರೆ ಹೆಸರು, ತಾರೀಖು ತುಂಬುವ ಡಬ್ಬಿಗಳೆಲ್ಲ ಖಾಲಿ. ಒಂದು ಹುಟ್ಟಿದ ತಾರೀಖು ತಿದ್ದಬೇಕಾದರೂ ಹೆಸರಿನಿಂದ ಹಿಡಿದು ವಿಳಾಸದವರೆಗೆ ಎಲ್ಲವನ್ನೂ ಹೊಸದಾಗಿ ಹೊಡೆಯಬೇಕಿತ್ತು. ನನಗೆ ಅದು ತಪ್ಪೆನಿಸಿರಲಿಲ್ಲ. ಗಂಗಾವತಿ ಮಾಸ್ತರರು ಫೋನ್ ಮಾಡಿದರು. ನಮ್ಮೆಲ್ಲರಲ್ಲಿ ಬಾಯಿ ಜೋರು ಅವರದೇ.

“ಅಕ್ಕಾರ, ಒಂದು ಗುಂಡಿ ಕಿತ್ತೈತಿ ಅಂದ್ರ ಅಂಗೀನ ಹೊಸಾದು ಹೊಲಿಸು ಅಂತೀರಲ್ರಿ.”

“ಹೊಸಾದು ಹೊಡದ್ರ ಹಳೇ ತಪ್ಪು ಉಳಿಯಂಗಿಲ್ರಿ ಮಾಸ್ತರ.”

“ತಪ್ಪು ಉಳೀಲಿಲ್ರಿ, ಹೆಸರೂ ಉಳೀಲಿಲ್ಲ. ತಾರೀಖು ಅಷ್ಟ ಹೊಡದು ಉಳಿಸು ಅಂತ ಒತ್ತಿದೆ, ಉಳದದ್ದೆಲ್ಲಾ ಅಳಿಸಿ ಹೋತು. ಈಗ ಆ ಹುಡುಗ ಹುಟ್ಯಾನ, ಹೆಸರಿಟ್ಟಿಲ್ಲ.”

ನಕ್ಕೆ. ಆದರೆ ಅವರು ಹೇಳಿದ್ದು ಸರಿಯಿತ್ತು. ಮತ್ತೆ ಪುಸ್ತಕ ತೆರೆದೆ. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಉಪಾಯ ಕಷ್ಟದ್ದೇನಲ್ಲ. ಅಭ್ಯರ್ಥಿಯ ಸಂಖ್ಯೆ ಹಿಡಿದು ಡೇಟಾಬೇಸಿನಿಂದ ಅವರ ಸಾಲನ್ನು ಮೊದಲು ಎತ್ತಿಕೊಳ್ಳಬೇಕು. ಆಮೇಲೆ ಪುಟ ಕಟ್ಟುವಾಗ, ಪ್ರತಿ ಡಬ್ಬಿಗೂ ವ್ಯಾಲ್ಯೂ ಎಂಬ ಒಂದು ಜಾಗ ಇರುತ್ತದಲ್ಲ, ಅಲ್ಲಿ ಆ ಸಾಲಿನ ಆಯಾ ತುಣುಕನ್ನು ಇಡಬೇಕು. ಪುಟ ತೆರೆದ ಕೂಡಲೇ ಹೆಸರಿನ ಡಬ್ಬಿಯಲ್ಲಿ ಹೆಸರು, ತಾರೀಖಿನ ಡಬ್ಬಿಯಲ್ಲಿ ತಾರೀಖು. ಬೇಕಾದ ಅಕ್ಷರವನ್ನಷ್ಟೇ ತಿದ್ದಿ ಉಳಿಸಿದರೆ ಸಾಕು.

ಕೇಂದ್ರದ ತಾಲೂಕಿಗೆ ಮಾತ್ರ ಬೇರೆ ಥರದ ಡಬ್ಬಿ ಇಟ್ಟಿದ್ದೆ. ಪಕ್ಕದಲ್ಲಿ ಬಾಣದ ಗುರುತು ಇರುತ್ತದೆ, ಒತ್ತಿದರೆ ಪಟ್ಟಿ ಕೆಳಗೆ ಬಿಚ್ಚಿಕೊಳ್ಳುತ್ತದೆ. ಪರದೆಯ ಮೇಲೆ ಹೆಸರುಗಳು ಇಂಗ್ಲಿಷಿನಲ್ಲಿದ್ದರೂ ಕ್ರಮ ನಮ್ಮ ಅಕ್ಷರಮಾಲೆಯದೇ ಇರಲಿ ಎಂದು ಕುಷ್ಟಗಿ, ಕೊಪ್ಪಳ, ಗಂಗಾವತಿ, ಯಲಬುರ್ಗಾ ಎಂದು ಜೋಡಿಸಿದೆ. ಪರೀಕ್ಷಿಸುವಾಗಲೂ ಅದೇ ಕ್ರಮ ಹಿಡಿದೆ. ಮೊದಲು ಬಂದದ್ದು ಕುಷ್ಟಗಿ. ಅಲ್ಲಿನ ಅಭ್ಯರ್ಥಿಗಳನ್ನು ಒಬ್ಬೊಬ್ಬರನ್ನಾಗಿ ತೆರೆದು ನೋಡಿದೆ. ಹೆಸರು ಸರಿ, ತಾರೀಖು ಸರಿ, ತಾಲೂಕೂ ಸರಿ. ಅಷ್ಟಕ್ಕೇ ನಿಲ್ಲಿಸಿ, ಎಲ್ಲವೂ ಸರಿಯಾಗಿದೆ ಎಂದು ಮಾಸ್ತರರಿಗೆ ತಿಳಿಸಿದೆ. ಆ ವರ್ಷದ ತಿದ್ದುಪಡಿಗಳೆಲ್ಲ ಆ ಪುಟದಲ್ಲೇ ಆದವು.

ಆ ವರ್ಷ ಗಂಗಾವತಿ ಮಾಸ್ತರರ ಬಳಿ ಶ್ರೀರಾಮನಗರದ ಒಬ್ಬ ಹೆಣ್ಣುಮಗಳು ಕಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವನಿದ್ದ ಕಚೇರಿಯಲ್ಲೇ ಅವಳಿಗೆ ಟೈಪಿಸ್ಟ್ ಕೆಲಸ ಕೊಟ್ಟಿದ್ದರು. ಕೊಟ್ಟ ಗಡುವಿನೊಳಗೆ ಸೀನಿಯರ್ ಕನ್ನಡ ಟೈಪಿಂಗ್ ಪಾಸಾದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಗಡುವಿನೊಳಗೆ ಬರುವ ಕೊನೆಯ ಪರೀಕ್ಷೆ ಅದೇ ಆಗಿತ್ತು. ಕೈಯಲ್ಲಿ ಮೊಲೆಯುಣ್ಣುವ ಕೂಸು. ಅರ್ಜಿಯ ಪ್ರತಿ ನೋಡಿ ಅವಳು ಮಾಸ್ತರರಿಗೆ ಒಂದೇ ಒಂದು ತಿದ್ದುಪಡಿ ಹೇಳಿದ್ದಳು. ಗಂಡನ ಹೆಸರಿಗೆ ಮೊದಲು ಲೇಟ್ ಎಂದು ಸೇರಿಸಬೇಕು, ಕಚೇರಿಯ ಕಾಗದದಲ್ಲಿ ಹಾಗೆ ಇದೆ, ಸರ್ಟಿಫಿಕೇಟಿನಲ್ಲಿ ಬೇರೆಯಾದರೆ ತಾಳೆಯಾಗುವುದಿಲ್ಲ ಎಂದು. ಮಾಸ್ತರರು ಸೇರಿಸಿದರು.

ಹಾಲ್ ಟಿಕೆಟುಗಳು ಬಂದಾಗ ಪರೀಕ್ಷೆಗೆ ಇನ್ನೆರಡೇ ದಿನ. ಕೇಂದ್ರಕ್ಕೊಂದರಂತೆ ನಾಲ್ಕು ಕಟ್ಟು. ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕುಷ್ಟಗಿಯ ಕಟ್ಟು ಯಾಕೋ ದಪ್ಪ ಕಂಡಿತು. ದಾರ ಬಿಚ್ಚಿ ಒಂದೊಂದನ್ನೇ ತಿರುವಿದೆ. ನನ್ನ ಹತ್ತಿರವೇ ಕಲಿತ ಭಾಗ್ಯನಗರದ ಹುಡುಗನ ಟಿಕೆಟ್ ಅದರಲ್ಲಿತ್ತು. ಯಲಬುರ್ಗಾದ ಇನ್ನೊಬ್ಬನದು. ಅದರ ಕೆಳಗೆ ಶ್ರೀರಾಮನಗರದ ಹೆಣ್ಣುಮಗಳದು. ಗಂಡನ ಹೆಸರು ಲೇಟ್ ಸಮೇತ ಸರಿಯಾಗಿತ್ತು, ಕೇಂದ್ರ ಕುಷ್ಟಗಿ.

ಪರೀಕ್ಷೆಯ ಕಚೇರಿಗೆ ಫೋನ್ ಹಚ್ಚಿದೆ. ಎರಡು ಸಲ ಎಂಗೇಜ್, ಮೂರನೆಯ ಸಲಕ್ಕೆ ಒಬ್ಬರು ಎತ್ತಿದರು.

“ಮೇಡಂ, ಪ್ರಶ್ನೆಪತ್ರಿಕೆ ಕೇಂದ್ರದ ಲೆಕ್ಕಕ್ಕೆ ಸೀಲ್ ಆಗಿ ಹೊರಟುಹೋಗಿದೆ. ಟಿಕೆಟ್‌ನಲ್ಲಿ ಯಾವ ಕೇಂದ್ರ ಇದೆಯೋ ಅಲ್ಲೇ ಕೂರಬೇಕು.”

“ತಪ್ಪು ನಮ್ಮ ಕಡೆಯಿಂದ ಆಗಿದೆ, ಆ ಹುಡುಗಿಯದಲ್ಲ.”

“ಯಾರ ಕಡೆಯಿಂದ ಆದ್ರೂ ಅಷ್ಟೇ ಮೇಡಂ.”

ಫೋನಿಟ್ಟೆ. ಕಂಪ್ಯೂಟರ್ ಮುಂದೆ ಕುಳಿತು ಡೇಟಾಬೇಸಿನ ಸಾಲುಗಳನ್ನೇ ನೋಡಿದೆ. ಇದುವರೆಗೆ ಯಾರೂ ತಿದ್ದದ ಒಬ್ಬ ಕೊಪ್ಪಳದ ಅಭ್ಯರ್ಥಿ ಸಿಕ್ಕಿದ. ಸಾಲಿನಲ್ಲಿ ಕೊಪ್ಪಳ ಎಂದೇ ಇತ್ತು. ಅವನನ್ನೇ ತಿದ್ದುಪಡಿಯ ಪುಟದಲ್ಲಿ ತೆರೆದೆ. ಎಲ್ಲ ಡಬ್ಬಿಗಳೂ ಸರಿ, ಬಾಣದ ಡಬ್ಬಿಯಲ್ಲಿ ಮಾತ್ರ ಕುಷ್ಟಗಿ. ಯಲಬುರ್ಗಾದವನನ್ನು ತೆರೆದರೂ ಕುಷ್ಟಗಿ. ಆ ಥರದ ಡಬ್ಬಿಗೆ ವ್ಯಾಲ್ಯೂ ಇಟ್ಟರೆ ಸಾಲದು. ಪಟ್ಟಿಯ ಯಾವ ಹೆಸರು ಅಭ್ಯರ್ಥಿಯದೋ ಆ ಹೆಸರಿನ ಮುಂದೆ ಸೆಲೆಕ್ಟೆಡ್ ಎಂದು ಬರೆಯಬೇಕು. ಬರೆಯದಿದ್ದರೆ ಅದು ಪಟ್ಟಿಯ ಮೊದಲ ಹೆಸರನ್ನು ತೋರಿಸಿ ಸುಮ್ಮನೆ ಕೂರುತ್ತದೆ. ಉಳಿಸು ಎಂದು ಒತ್ತಿದ ಕೂಡಲೇ, ಕೈಯಿಂದ ಮುಟ್ಟದ ಆ ಹೆಸರೂ ಒಳಗೆ ಹೋಗಿಬಿಡುತ್ತದೆ.

ನಾಲ್ವರು ಟೈಪಿಂಗ್ ಮಾಸ್ತರರಲ್ಲಿ ಒಬ್ಬರಿಗೂ ಅದು ಕಣ್ಣಿಗೆ ಬೀಳಲಿಲ್ಲವೇ ಎಂದು ಬೇರೆಯವರು ಕೇಳಬಹುದು. ಬೀಳುವುದಿಲ್ಲ. ನಾವು ಹೊಡೆದ ಅಕ್ಷರವನ್ನು ಮೂಲದೊಂದಿಗೆ ತಾಳೆ ನೋಡುವವರು. ಹೆಸರನ್ನು ಅಕ್ಷರಕ್ಕೆ ಅಕ್ಷರ ನೋಡಿದೆವು, ತಾರೀಖನ್ನು ಅಂಕಿಗೆ ಅಂಕಿ ನೋಡಿದೆವು. ಬಾಣದ ಡಬ್ಬಿಯಲ್ಲಿ ಯಾರೂ ಏನೂ ಹೊಡೆದಿರಲಿಲ್ಲ. ಹೊಡೆಯದ್ದನ್ನು ತಾಳೆ ನೋಡುವ ಅಭ್ಯಾಸ ನಮಗೆ ಯಾರಿಗೂ ಇರಲಿಲ್ಲ.

ಗಂಗಾವತಿ ಮಾಸ್ತರರಿಗೆ ಫೋನ್ ಮಾಡಿದೆ.

“ನಾನ ತಿದ್ದೀನ್ರಿ ಅಕ್ಕಾರ,” ಎಂದರು. ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ. “ಲೇಟ್ ಅಂತ ಹೊಡದೆ, ಉಳಿಸು ಒತ್ತಿದೆ. ಕುಷ್ಟಗೀನ ನಾ ಮುಟ್ಟಿಲ್ರಿ.”

“ಮುಟ್ಟಲಾರದಕ್ಕ ಆಗೇತ್ರಿ. ಅದು ಇರಲಿ, ಆಕಿ ಕುಷ್ಟಗಿಗೆ ಹೋಗೂದು ಹ್ಯಾಂಗ?”

ಅದೇ ಪ್ರಶ್ನೆ. ಭಾಗ್ಯನಗರದ ಹುಡುಗನೂ ಯಲಬುರ್ಗಾದವನೂ ಒಂಟಿ ಜೀವಗಳು, ಹೇಳಿದರೆ ಸಾಕು, ಬಸ್ಸು ಹತ್ತುತ್ತಾರೆ. ಇವಳಿಗೆ ಬೆಳಿಗ್ಗೆಯ ಮೊದಲ ಬ್ಯಾಚು. ಗಂಗಾವತಿಯಿಂದ ಮೊದಲ ಬಸ್ಸು ಹಿಡಿದರೂ ಗಂಟೆ ಹೊಡೆಯುವ ಹೊತ್ತಿಗೆ ಮುಟ್ಟುವ ಭರವಸೆ ಇರಲಿಲ್ಲ. ಸಾಲದ್ದಕ್ಕೆ ನಮ್ಮ ಪರೀಕ್ಷೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಯಾವ ಮಷಿನ್ ಮೇಲೆ ಕಲಿತಿದ್ದಾರೋ ಅದನ್ನೇ ಹೊತ್ತುಕೊಂಡು ಹೋಗಿ ಪರೀಕ್ಷೆಯ ಕೋಣೆಯಲ್ಲಿ ಇಡುವುದು ರೂಢಿ. ಬೇರೆ ಮಷಿನ್ ಕೊಟ್ಟರೆ ಕೀಲಿಗಳ ಬಿಗಿ ಬೇರೆ, ಬೆರಳು ತಡವರಿಸುತ್ತದೆ, ವೇಗ ಬೀಳುತ್ತದೆ.

“ಆಕಿ ಅವ್ವ ಕೂಸು ಹಿಡಕೊಂಡು ಬರ್ತಾಳಲ್ಲ?” ಎಂದು ಕೇಳಿದೆ.

“ಎಲ್ಲೀದ್ರಿ. ಅವ್ವಗ ಮೈಕೈ ಬ್ಯಾನಿ ಜ್ವರ ಬಂದು ಹಾಸಿಗಿ ಹಿಡದಾಳ. ಇಲ್ಲೇ ಗಂಗಾವತ್ಯಾಗ ಆಗಿದ್ರ ನಮ್ಮ ಮನಿಯಾಗ ಕೂಸು ಬಿಡಾಕಿ ಇದ್ಲು.”

“ನಾಳೆ ಸಂಜಿಗೆ ಆಕಿನ್ನ, ಕೂಸಿನ್ನ, ಮಷಿನ್ನ ನನ್ನ ಮನಿಗೆ ಕಳಸ್ರಿ. ಇಲ್ಲಿಂದ ಕುಷ್ಟಗಿಗೆ ನಸುಕಿನ್ಯಾಗ ಬಸ್ಸೈತಿ, ಮುಂದಿಂದು ನಾ ನೋಡ್ಕೋತೀನಿ.”

“ಕೊಪ್ಪಳದ ಪರೀಕ್ಷಿ?”

“ಅದನ್ನೂ ನೋಡ್ತೀನ್ರಿ,” ಎಂದು ಫೋನಿಟ್ಟೆ. ಕೊಪ್ಪಳದಲ್ಲಿ ಪರೀಕ್ಷೆ ಶುರುವಾದಂದಿನಿಂದ ಗಂಟೆ ಹೊಡೆದವಳು ನಾನೇ. ಒಂದು ಸಲವೂ ತಪ್ಪಿರಲಿಲ್ಲ. ಮನೆಯವರು ಆಗಷ್ಟೇ ನೌಕರಿಯಿಂದ ನಿವೃತ್ತರಾಗಿದ್ದರು. ಅವರನ್ನು ಕೂರಿಸಿಕೊಂಡು ಯಾರನ್ನು ಎಲ್ಲಿ ಕೂರಿಸಬೇಕು, ಹಾಳೆ ಯಾವಾಗ ಹಂಚಬೇಕು, ಎಲ್ಲ ಹೇಳಿದೆ. ಹೇಳಿದ್ದನ್ನೇ ಮತ್ತೆ ಹೇಳತೊಡಗಿದಾಗ ಅವರು ತಡೆದರು.

“ಇಷ್ಟು ವರ್ಷ ನೀ ಹೊಡಿಯೂದು ಕೇಳೀನಿ. ಒಂದಿನ ನಾ ಗಂಟಿ ಹೊಡದ್ರ ಪರೀಕ್ಷಿ ಕೆಡಂಗಿಲ್ಲ. ನೀ ಹೋಗಿ ಕೂಸು ಆಡಸು, ಅದು ನಿನಗ ಬರ್ತದೋ ಇಲ್ಲೋ ನೋಡು.”

ಮರುದಿನ ಸಂಜೆ ಅವಳು ಬಂದಳು. ಆಟೊದವನು ಮಷಿನ್ ತಂದು ಕಟ್ಟೆಯ ಮೇಲೆ ಇಟ್ಟ. ಬೆಡ್‌ಶೀಟಿನಲ್ಲಿ ಸುತ್ತಿ ಹಗ್ಗ ಕಟ್ಟಿದ್ದರು. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಳು. ನಾನು ಅಂದುಕೊಂಡದ್ದಕ್ಕಿಂತ ಸಣ್ಣವಳು. ಊಟವಾದ ಮೇಲೆ ಕೇಳಿದಳು.

“ಅಕ್ಕಾರ, ನನಗಷ್ಟ ಕುಷ್ಟಗಿ ಯಾಕ ಬಂತ್ರಿ? ನನ್ನ ಜೋಡಿ ಕಲತೋರಿಗೆಲ್ಲಾ ಗಂಗಾವತಿನ ಐತಿ.”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರದನ್ನು ತಿದ್ದಿದರೂ ಆ ಡಬ್ಬಿ ಅವರ ಊರನ್ನು ಮರೆತು ಕುಷ್ಟಗಿ ಬರೆದುಕೊಳ್ಳುತ್ತಿತ್ತು, ಡಬ್ಬಿ ಮಾಡಿದವಳು ನಾನು ಎಂದೆ. ಅವಳು ಕೂಸಿನ ಕಾಲುಂಗುಷ್ಠ ಹಿಡಿದುಕೊಂಡಳು.

“ನಾ ಲೇಟ್ ಅಂತ ಹಾಕ್ಸಿದ್ದಕ್ಕ ಆತೇನ್ರಿ?”

“ಹೂಂ.”

“ಹಾಕ್ಸಬಾರದಿತ್ತು.”

“ಹಾಕ್ಸಬೇಕವ್ವಾ. ನಿಂದು ಸರಿ ಐತಿ. ಡಬ್ಬಿ ಸರಿ ಇಲ್ಲ.”

ಅವಳು ತಲೆಯಾಡಿಸಿದಳು, ಆದರೆ ನಂಬಿದಂತೆ ಕಾಣಲಿಲ್ಲ. ಮಲಗುವ ಮೊದಲು ಮಷಿನ್ ಬಿಚ್ಚಿ ಒಂದು ಹಾಳೆ ಹೊಡೆಸಿದೆ. ಬೆರಳುಗಳು ಚೆನ್ನಾಗಿ ಓಡುತ್ತಿದ್ದವು. ಸಾಲಿನ ಕೊನೆಗೆ ಬರುವ ಗಂಟೆ ಮಾತ್ರ ಟಿಣ್ ಎನ್ನದೆ ತಗಡು ತಟ್ಟಿದಂತೆ ಟಕ್ ಎನ್ನುತ್ತಿತ್ತು. ಸರಿಮಾಡಲೇ ಎಂದೆ. ಬೇಡ, ನನ್ನ ಕಿವಿಗೆ ಅದೇ ರೂಢಿಯಾಗಿದೆ ಎಂದಳು.

ಬೆಳಿಗ್ಗೆ ಹೊರಟ ಬಸ್ಸಿನಲ್ಲಿ ಭಾಗ್ಯನಗರದ ಹುಡುಗನೂ ಇದ್ದ. ಎರಡು ಮಷಿನ್‌ಗಳನ್ನು ಹಿಂದಿನ ಸೀಟಿನ ಕೆಳಗೆ ತುರುಕಿದೆವು. ಕಂಡಕ್ಟರು ಬಗ್ಗಿ ನೋಡಿದರು.

“ಇದಕ್ಕೂ ಟಿಕೆಟ್ ಆಗ್ತೈತ್ರಿ ಅಮ್ಮಾರ.”

“ಹರೀರಿ. ಆದ್ರ ಟಿಕೆಟ್ ತಗೊಂಡ ಮ್ಯಾಲ ಅದು ಸೀಟಿನ ಮ್ಯಾಲ ಕೂಡತೈತಿ ನೋಡ್ರಿ.”

“ಕೂಡ್ಲಿ ಬಿಡ್ರಿ, ಕೆಳಗ ಇಳೀರಿ ಅಂದ್ರ ಜಗಳಾ ತಗಿಯಂಗಿಲ್ಲ ಅದು,” ಎಂದು ಹರಿಯದೆ ಮುಂದೆ ಹೋದರು.

ಹುಡುಗ ನಕ್ಕ. ಅವಳು ನಗಲಿಲ್ಲ. ಬಸ್ಸು ಕುಣಿದಾಗಲೆಲ್ಲ ತಿರುಗಿ ಸೀಟಿನ ಕೆಳಗೆ ನೋಡುತ್ತಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ. ದಾರಿಯಲ್ಲಿ ಒಂದು ಕಡೆ ಡ್ರೈವರು ಇಳಿದು ಚಹಾ ಕುಡಿಯಲು ಹೋದರು. ಅವರು ತಟ್ಟೆಗೆ ಸುರಿದುಕೊಂಡು ಊದಿ ಊದಿ ಕುಡಿಯುವುದನ್ನು ಕಿಟಕಿಯಿಂದ ನೋಡುತ್ತ ಕುಳಿತೆ. ಇಷ್ಟು ವರ್ಷ ಹೊತ್ತಿಗೆ ಸರಿಯಾಗಿ ನಡೆದ ನನ್ನ ಬದುಕು ಆ ಒಂದು ತಟ್ಟೆಯ ಮೇಲೆ ನಿಂತಹಾಗಿತ್ತು.

ಮುಟ್ಟಿದೆವು. ಕೇಂದ್ರ ಒಂದು ಶಾಲೆಯಲ್ಲಿತ್ತು. ಕುಷ್ಟಗಿಯ ಮಾಸ್ತರರು ಬಾಗಿಲಲ್ಲೇ ಕಾಯುತ್ತಿದ್ದರು. ಮಷಿನ್ ಒಳಗೆ ಇಟ್ಟು ಹಾಳೆ ಹೊರುವ ಕ್ಯಾರೇಜ್ ಆಚೀಚೆ ಎಳೆದು ನೋಡಿದೆ, ಸರಿಯಿತ್ತು. ಅವಳು ಮೂಲೆಯಲ್ಲಿ ತಿರುಗಿ ಕುಳಿತು ಕೂಸಿಗೆ ಮೊಲೆ ಕೊಟ್ಟಳು. ಅದು ಅರ್ಧಕ್ಕೇ ಮುಖ ತಿರುಗಿಸಿತು. ಹೊಸ ಜಾಗ, ಅದಕ್ಕೆ ಕುಡಿಯುವ ಮನಸ್ಸಿಲ್ಲ. ಗಂಟೆ ಹೊಡೆದರು. ಅವಳು ಕೂಸನ್ನು ನನ್ನ ಕೈಗೆ ಕೊಟ್ಟು ಹಿಂತಿರುಗಿ ನೋಡದೆ ಒಳಗೆ ಹೋದಳು.

ನಾನು ಜಗುಲಿಯಲ್ಲಿ ನಿಂತೆ. ಶುರು ಎಂದ ಕೂಡಲೇ ಒಳಗಿನಿಂದ ಮಳೆ ಸುರಿದಂತೆ ಸದ್ದು ಎದ್ದಿತು. ಆ ಸದ್ದಿನಲ್ಲಿ ನಾನು ಒಂದನ್ನೇ ಹುಡುಕುತ್ತಿದ್ದೆ. ಟಿಣ್, ಟಿಣ್, ಅವುಗಳ ನಡುವೆ ಟಕ್. ಮತ್ತೆ ಒಂದಷ್ಟು ಹೊತ್ತಿಗೆ ಟಕ್. ಲಯ ತಪ್ಪುತ್ತಿರಲಿಲ್ಲ. ಹೀಗೇ ಹೋದರೆ ಸಾಕು ಎಂದುಕೊಳ್ಳುವಷ್ಟರಲ್ಲಿ ಕೂಸು ಅತ್ತಿತು. ಮೊದಲು ಕುಸುಕುಸು, ಆಮೇಲೆ ಗಂಟಲು ಬಿಚ್ಚಿ.

ಟಕ್ ಎನ್ನುವ ಗಂಟೆ ಕೇಳಿಸಲಿಲ್ಲ. ಉಳಿದವುಗಳೆಲ್ಲ ಕೇಳಿಸುತ್ತಿದ್ದವು, ಅದೊಂದು ಮಾತ್ರ ಇಲ್ಲ. ಅವಳ ಕೈ ನಿಂತಿದೆ ಎಂದು ತಿಳಿಯಿತು.

ಕೂಸಿನ ಮುಖವನ್ನು ಎದೆಗೊತ್ತಿಕೊಂಡು ಜಗುಲಿಯಿಂದಿಳಿದು ನಡೆದೆ. ಮೈದಾನ ದಾಟಿ, ಕಂಪೌಂಡಿನ ಆಚೆ ಒಂದು ಬೇವಿನ ಮರದ ಕೆಳಗೆ ಹೋಗಿ ನಿಂತೆ. ಅಲ್ಲಿಗೆ ಮಷಿನ್‌ಗಳ ಸದ್ದು ಬರುತ್ತಿರಲಿಲ್ಲ. ಕೂಸಿನ ಅಳುವನ್ನು ಅವಳಿಂದ ದೂರ ಒಯ್ಯಬೇಕಾದರೆ ಅವಳ ಗಂಟೆಯನ್ನು ನಾನು ಬಿಟ್ಟು ಬರಲೇಬೇಕಿತ್ತು. ಅವಳು ಮತ್ತೆ ಹೊಡೆಯಲು ಶುರು ಮಾಡಿದಳೋ, ಹಾಳೆಯ ಮುಂದೆ ಕೈಕಟ್ಟಿ ಕುಳಿತಳೋ, ಎದ್ದು ಹೊರಗೇ ಬಂದಳೋ ಒಂದೂ ಗೊತ್ತಿಲ್ಲ. ಬಾಟಲಿಯಲ್ಲಿ ತಂದಿದ್ದ ಸಕ್ಕರೆ ನೀರನ್ನು ಚಮಚದಲ್ಲಿ ಕುಡಿಸಿದೆ. ಅರ್ಧ ಸೀರೆಯ ಮೇಲೆ ಚೆಲ್ಲಿತು. ಜೋಗುಳ ಬಾರದು ನನಗೆ. ಬಾಯಿಗೆ ಬಂದದ್ದು ಮೊದಲ ಪಾಠದ ಅಕ್ಷರಗಳು, ಹೊಸಬರಿಗೆ ಹೇಳಿಕೊಡುವ ಅದೇ ರಾಗದಲ್ಲಿ ಅವನ್ನೇ ಹೇಳಿದೆ. ಮತ್ತೆ ಮತ್ತೆ ಹೇಳಿದೆ. ಕೂಸು ಕಣ್ಣರಳಿಸಿ ನನ್ನ ಬಾಯಿ ನೋಡತೊಡಗಿತು. ಆಮೇಲೆ ನಿದ್ದೆ ಹೋಯಿತು. ಅದು ಮಲಗಿದ ಮೇಲೆಯೂ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಮರದ ಕೆಳಗೇ ನಿಂತಿದ್ದೆ.

ಗಂಟೆ ಹೊಡೆದದ್ದು ಕೇಳಿ ಮೈದಾನದ ಅರ್ಧಕ್ಕೆ ಬರುವಷ್ಟರಲ್ಲಿ ಅವಳೇ ಓಡಿ ಬಂದಳು. ಬೆರಳ ತುದಿಗಳಲ್ಲಿ ರಿಬ್ಬನ್ನಿನ ಕಪ್ಪು.

“ಪೂರಾ ಆತೇನವ್ವಾ?” ಎಂದೆ.

“ಆತ್ರಿ. ಕೊನೀ ಸಾಲು ಹೊಡಿಯೂದಕ್ಕ, ಗಂಟಿ ಆಗೂದಕ್ಕ ಸರಿ ಆತು.” ಕೂಸನ್ನು ತೆಗೆದುಕೊಂಡಳು. “ಭಾಳ ಅತ್ತಿತೇನ್ರಿ?”

“ಇಲ್ಲ. ಸ್ವಲ್ಪ.”

ಅವಳು ನನ್ನ ಸೀರೆಯ ಮೇಲಿನ ಒದ್ದೆ ನೋಡಿದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂದಳು, “ನನಗ ಕೇಳಿಸ್ತ್ರಿ. ಕೈ ನಿಂತುಬಿಟ್ವು. ಆಮ್ಯಾಲ ದನಿ ದೂರ ದೂರ ಹೋತು. ನೀವು ಒಯ್ಯಾಕ ಹತ್ತೀರಿ ಅಂತ ತಿಳದು ಮತ್ತ ಶುರು ಮಾಡಿದೆ.”

ಊರಿಗೆ ಬಂದು ಸೀರೆ ಬದಲಿಸಿ ಕಂಪ್ಯೂಟರ್ ಮುಂದೆ ಕುಳಿತೆ. ಪಟ್ಟಿಯ ನಾಲ್ಕು ಹೆಸರುಗಳನ್ನು ಒಂದೊಂದಾಗಿ ಡೇಟಾಬೇಸಿನಲ್ಲಿರುವುದರ ಜೊತೆ ಹೋಲಿಸುವುದು, ಯಾವುದು ಹೊಂದುತ್ತದೋ ಅದರ ಮುಂದೆ ಮಾತ್ರ ಸೆಲೆಕ್ಟೆಡ್ ಎಂದು ಬರೆಯುವುದು, ಅಷ್ಟೇ ಕೆಲಸ. ಕುಷ್ಟಗಿಗಿಂತ ಮೇಲೆ ಒಂದು ಖಾಲಿ ಸಾಲು ಇಟ್ಟೆ. ಅದೇ ಉಳಿದರೆ ಪುಟ ಒಳಗೆ ತೆಗೆದುಕೊಳ್ಳದೆ ವಾಪಸು ಕಳಿಸುವಂತೆ ಮಾಡಿದೆ. ಪರೀಕ್ಷಿಸುವಾಗ ಯಲಬುರ್ಗಾದಿಂದ ಶುರು ಮಾಡಿ ಹಿಂದಕ್ಕೆ ಬಂದೆ.

ಫಲಿತಾಂಶಕ್ಕೆ ಅದೇ ಪುಟದಲ್ಲಿ ಇನ್ನೊಂದು ಬಾಣದ ಡಬ್ಬಿ ಬೇಕಿತ್ತು. ಗೈರುಹಾಜರು, ತೇರ್ಗಡೆ, ನಪಾಸು. ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ನೋಡಿದರೆ ಮೊದಲು ಗೈರುಹಾಜರು ಬಂದು ಕುಳಿತಿತ್ತು. ಅದರ ಮೇಲೂ ಒಂದು ಖಾಲಿ ಸಾಲು ಇಟ್ಟೆ.

ಫಲಿತಾಂಶದ ಪಟ್ಟಿ ಬಂದ ದಿನ ಗಂಗಾವತಿ ಮಾಸ್ತರರಿಗಿಂತ ಮೊದಲು ನಾನೇ ನೋಡಿದೆ. ಕುಷ್ಟಗಿ ಕೇಂದ್ರದ ಕೆಳಗೆ ಪಾಸಾದವರಲ್ಲಿ ಅವಳ ಸಂಖ್ಯೆ ಇತ್ತು. ಫೋನ್ ಮಾಡಿ ಹೇಳಿದೆ.

“ಅಕ್ಕಾರ, ಇನ್ನ ಮ್ಯಾಲ ನನ್ನ ಎಲ್ಲಾ ಹುಡುಗರಿಗೂ ಕುಷ್ಟಗಿನ ಹಾಕ್ರಿ.”

“ನೀವ ಮಷಿನ್ ಹೊರ್ರಿ, ಹಾಕ್ತೀನಿ.”

ಆಮೇಲೆ ಅವಳ ಪುಟ ತೆರೆದೆ. ಹೆಸರು, ಲೇಟ್ ಸಮೇತ ಗಂಡನ ಹೆಸರು, ಶ್ರೀರಾಮನಗರದ ವಿಳಾಸ. ಬಾಣದ ಡಬ್ಬಿಯಲ್ಲಿ ಇನ್ನೂ ಕುಷ್ಟಗಿ ಇತ್ತು, ಈಗ ಅದು ಡೇಟಾಬೇಸಿನಲ್ಲಿ ನಿಜವಾಗಿ ಇದ್ದದ್ದು. ಪರೀಕ್ಷೆ ಮುಗಿದಿದೆ, ನಮ್ಮ ಪಟ್ಟಿಯಲ್ಲಾದರೂ ಅವಳ ತಾಲೂಕು ಅವಳದೇ ಇರಲಿ ಎಂದು ಬಾಣ ಒತ್ತಿ ಗಂಗಾವತಿ ಆರಿಸಿದೆ, ಕೆಳಗಿನ ಡಬ್ಬಿಯಲ್ಲಿ ತೇರ್ಗಡೆ ಆರಿಸಿದೆ, ಉಳಿಸು ಎಂದು ಒತ್ತಿದೆ. ಪುಟ ಮುಚ್ಚಿ ಮತ್ತೆ ತೆರೆದೆ. ಗಂಗಾವತಿ, ತೇರ್ಗಡೆ. ಮುಚ್ಚಿದೆ. ಸಂಜೆಯ ಬ್ಯಾಚಿನವರು ಬಂದು ಮಷಿನ್‌ಗಳ ಹೊದಿಕೆ ತೆಗೆಯುತ್ತಿದ್ದರು. ಗಂಟೆ ಹೊಡೆಯುವ ಹೊತ್ತಾಗಿತ್ತು. ಏಳುವ ಮೊದಲು ಇನ್ನೊಮ್ಮೆ ತೆರೆದು ನೋಡಿದೆ.